ತಿಂಡಿ ಪೊಟ್ಟಣದೊಳಗಿನ ಕಳಂಕಿತ ವೀರ

ಸಾಸ್ತಾನ, ಸಾಲಿಗ್ರಾಮ, ಕೋಟದ ಕಡೆಯವರಿಗೆ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಆ ಆಟದಲ್ಲಿ ಗೆದ್ದ ಅರ್ಜುನನಿಗಿಂತ ಬಿದ್ದ ಕರ್ಣನ ಮೇಲೆಯೇ ಪ್ರೇಕ್ಷಕರಿಗೆ ಮರುಕ ಹೆಚ್ಚು. ಅಮೆರಿಕದ ಜನಪ್ರಿಯ ಆಟವಾದ ಬೇಸ್‌ಬಾಲ್‌ಗೂ ಅಂಥ ಒಬ್ಬ ಕರ್ಣನಿದ್ದಾನೆ. ಹೆಸರು ಜೋ ಜಾಕ್ಸನ್. ಅವನ ಚಿತ್ರವಿರುವ, ಅಂಗೈಗಿಂತ ಚಿಕ್ಕದಾದ ಹಳೆಯ ಕಾರ್ಡೊಂದಕ್ಕೆ ಸಂಗ್ರಾಹಕರು ಇಂದು ಲಕ್ಷಗಟ್ಟಲೆ ರೂಪಾಯಿ ಕೊಡುತ್ತಾರೆ.

ನಮ್ಮಲ್ಲಿ ಹುಡುಗರು ಬೆಂಕಿಪೊಟ್ಟಣದ ಚಿತ್ರಗಳನ್ನು, ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳನ್ನು ಕೂಡಿಡುತ್ತಿದ್ದರಷ್ಟೆ. ಅಮೆರಿಕದಲ್ಲಿ ಈ ಹವ್ಯಾಸ ಹತ್ತೊಂಬತ್ತನೆಯ ಶತಮಾನದಲ್ಲೇ ಶುರುವಾಯಿತು. ಮೊದಲು ಸಿಗರೇಟು, ಆಮೇಲೆ ಮಿಠಾಯಿ ಮಾರುವವರು ಗಿರಾಕಿಗಳನ್ನು ಸೆಳೆಯಲು ಆಟಗಾರರ ಚಿತ್ರ ಹಾಕತೊಡಗಿದರು. ‘ಕ್ರ್ಯಾಕರ್ ಜ್ಯಾಕ್’ ಎಂಬುದು ಜೋಳದ ಅರಳು ಮತ್ತು ನೆಲಗಡಲೆಗೆ ಕಾಕಂಬಿಯ ಪಾಕ ಹಚ್ಚಿದ ತಿಂಡಿ. 1914ರಲ್ಲಿ ಅದರ ಪೊಟ್ಟಣದೊಳಗೆ 144 ಕಾರ್ಡುಗಳ ಮಾಲಿಕೆ ಬಂತು. ಅದರಲ್ಲಿ 103ನೆಯದು ಜಾಕ್ಸನ್‌ನದು.

ಕಾರ್ಡು ಅಪರೂಪವಾದದ್ದು ಈ ತಿಂಡಿಯಿಂದಲೇ. ಪಾಕದ ಅಂಟು ತಗಲಿ ಹೆಚ್ಚಿನವು ಕಲೆಯಾದವು. ಮಿಕ್ಕವು ಮಕ್ಕಳ ಕೈಯಲ್ಲಿ ಮಡಿಕೆಯಾದವು. ಮರುವರ್ಷ ಕಂಪೆನಿ ಕೂಪನ್ ಕಳಿಸಿದವರಿಗೆ ಇಡೀ ಕಟ್ಟನ್ನು ಅಂಚೆಯಲ್ಲಿ ಒದಗಿಸಿತು. ಹಾಗಾಗಿ 1915ರ ಕಾರ್ಡುಗಳು ಶುಭ್ರವಾಗಿ ಉಳಿದಿವೆ. 1914ರ ಶುಭ್ರ ಪ್ರತಿ ಸಿಗುವುದು ತೀರ ವಿರಳ. ಮೂಲೆಯ ಮೊನೆ, ಅಂಚು, ಬಣ್ಣಗಳನ್ನು ಪರೀಕ್ಷಿಸಿ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವ ಸಂಸ್ಥೆಗಳೇ ಅಲ್ಲಿವೆ. ಅಂಕ ಒಂದು ಏರಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಆದರೆ ಈ ಬೆಲೆಗೆ ಕಾಗದದ ವಿರಳತೆಯೊಂದೇ ಕಾರಣವಲ್ಲ. ಜಾಕ್ಸನ್ ಹುಟ್ಟಿದ್ದು 1887ರಲ್ಲಿ, ದಕ್ಷಿಣ ಕೆರೊಲಿನಾದ ಬಡ ಕುಟುಂಬದಲ್ಲಿ. ಬಾಲ್ಯದಲ್ಲೇ ಹತ್ತಿಗಿರಣಿಯ ಕೆಲಸಕ್ಕೆ ಸೇರಿದ ಅವನಿಗೆ ಓದುಬರಹ ಬರಲಿಲ್ಲ. ಹೊಸ ಬೂಟು ಕಚ್ಚಿ ಬೊಬ್ಬೆಯೆದ್ದಾಗ ಬೂಟಿಲ್ಲದೆ ಆಡಿದ್ದಕ್ಕೆ ‘ಶೂಲೆಸ್ ಜೋ’ ಎಂಬ ಅಡ್ಡಹೆಸರು ಬಂತಂತೆ. ದಾಂಡು ಹಿಡಿದರೆ ಮಾತ್ರ ಅವನನ್ನು ಮೀರಿಸುವವರು ಕಡಿಮೆ. ಜೀವಮಾನದ ಸರಾಸರಿ ಸಾವಿರ ಅವಕಾಶಕ್ಕೆ 356 ಯಶಸ್ವಿ ಹೊಡೆತ.

1919ರ ‘ವರ್ಲ್ಡ್ ಸೀರೀಸ್’ನಲ್ಲಿ ಅವನ ತಂಡ ಷಿಕಾಗೊ ವೈಟ್ ಸಾಕ್ಸ್ ಸಿನ್ಸಿನಾಟಿಗೆ ಸೋತಿತು. ಜೂಜುಕೋರರಿಂದ ಹಣ ಪಡೆದು ಸೋತರೆಂಬ ಆರೋಪ ಎಂಟು ಆಟಗಾರರ ಮೇಲೆ ಬಂತು. ಐದು ಸಾವಿರ ಡಾಲರ್ ಕೈಸೇರಿದ್ದನ್ನು ಜಾಕ್ಸನ್ 1920ರಲ್ಲಿ ಒಪ್ಪಿಕೊಂಡ. ಆದರೆ ಸೋಲಲೆಂದು ಆಡಲಿಲ್ಲ ಎಂದು ಮುಂದೆ ಸಾಯುವವರೆಗೂ ಹೇಳಿದ. ಆ ಸರಣಿಯಲ್ಲಿ ಅವನು ಬಾರಿಸಿದ್ದು 12 ಯಶಸ್ವಿ ಹೊಡೆತ. 1921ರ ಆಗಸ್ಟ್‌ನಲ್ಲಿ ನ್ಯಾಯದರ್ಶಿ ಮಂಡಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಮರುದಿನವೇ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಎಂಟೂ ಜನರನ್ನು ಶಾಶ್ವತವಾಗಿ ಹೊರಗಿಟ್ಟರು.

ನ್ಯಾಯಾಲಯದ ತೀರ್ಪು ಬೇರೆ, ಆಟದ ಮನೆಯ ಕಟ್ಟಳೆ ಬೇರೆ ಎಂಬ ಈ ಜಗ್ಗಾಟ ನಮಗೂ ಹೊಸದಲ್ಲ. 2000ದಲ್ಲಿ ಕ್ರಿಕೆಟ್ ಮಂಡಲಿ ಅಜರುದ್ದೀನ್ ಅವರಿಗೆ ಆಜೀವ ನಿಷೇಧ ಹೇರಿತು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಆ ನಿಷೇಧ ಕಾನೂನುಬದ್ಧವಲ್ಲ ಎಂದಿತು. ಜಾಕ್ಸನ್ ಇಷ್ಟು ಅದೃಷ್ಟವಂತನಲ್ಲ. ಅವನು 1951ರಲ್ಲಿ ತೀರಿಕೊಂಡ. ನಿಷೇಧ ತೆರವಾದದ್ದು 2025ರ ಮೇ ತಿಂಗಳಲ್ಲಿ. ಸತ್ತವರಿಗೆ ಬಹಿಷ್ಕಾರ ಅನ್ವಯಿಸದು ಎಂಬ ನೆಲೆಯಲ್ಲಿ ಬಂದ ಆದೇಶವದು, ನಿರಪರಾಧಿ ಎಂಬ ತೀರ್ಪಲ್ಲ.

ಬರೆಯಲು ಬಾರದವನ ಸಹಿಗೂ ಇಂದು ಅಪಾರ ಬೆಲೆ. ಅವನ ಪರವಾಗಿ ಹೆಚ್ಚಾಗಿ ಹೆಂಡತಿಯೇ ರುಜು ಹಾಕುತ್ತಿದ್ದಳು. ಆದ್ದರಿಂದ ಅವನೇ ಸಹಿ ಮಾಡಿದ 1911ರ ಭಾವಚಿತ್ರವೊಂದು 2021ರ ಹರಾಜಿನಲ್ಲಿ 14 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಗಿರಣಿ ಹುಡುಗನನ್ನು ಕೆಡಿಸಿದ ಹಣ ಐದು ಸಾವಿರ. ಅಷ್ಟು ಕೊಟ್ಟರೆ ಇಂದು ಅವನ 1914ರ ಕಾರ್ಡಿನ ಒಳ್ಳೆಯ ಪ್ರತಿ ಸಿಗಲಾರದು.