ಆಲೋಚನೆಯಿಂದ ಯಂತ್ರಕ್ಕೆ: ಮೂಲಮಾದರಿಯ ನಿರ್ಮಾಣ

ಪುಣೆ ನಗರದ ದಕ್ಷಿಣ ಭಾಗದಲ್ಲಿ, ಸಾತಾರಾ ರಸ್ತೆಯ ಬದಿಗೆ ಧನಕವಡಿ ಇದೆ. ಶಂಕರ ಮಹಾರಾಜರ ಮಠ, ಭಾರತಿ ವಿದ್ಯಾಪೀಠದ ಆವರಣ ಮತ್ತು 1983ರಲ್ಲಿ ಆರಂಭವಾದ ಅದರ ಇಂಜಿನಿಯರಿಂಗ್ ಕಾಲೇಜುಗಳಿಂದ ಈ ಪ್ರದೇಶ ಪರಿಚಿತವಾಗಿದೆ. ಇಲ್ಲಿಂದ ಮುಂದೆ ಕಾತ್ರಜ್ ಘಟ್ಟವನ್ನು ದಾಟಿ ಸಾಗುವ ಹಾದಿಯು ಸಾತಾರಾ, ಕೊಲ್ಲಾಪುರಗಳ ಮೂಲಕ ಬೆಳಗಾವಿಯನ್ನು ತಲಪುತ್ತದೆ. ಕೆಲಸವನ್ನರಸಿ ಈ ಹಾದಿಯಲ್ಲಿ ಪುಣೆಗೆ ಬಂದು ನೆಲೆಸಿದ ಕನ್ನಡಿಗರು ಅನೇಕರಿದ್ದಾರೆ. ಅವರಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್‌ಗಳಾಗಿ ದುಡಿಯುವವರೂ ಉಂಟು.

ಇಂತಹ ಕುಶಲ ಕಾರ್ಮಿಕನೊಬ್ಬನಿಗೆ ಊರಿನ ಹೊಲದ ಕೆಲಸವನ್ನು ಹಗುರಗೊಳಿಸುವ ಉಪಕರಣವೊಂದು ಹೊಳೆಯಿತೆಂದು ಭಾವಿಸಬಹುದು. ದಪ್ಪ ಮತ್ತು ಸಣ್ಣ ಶೇಂಗಾ ಕಾಯಿಗಳೆರಡನ್ನೂ ಕಾಳು ಒಡೆಯದಂತೆ ಸುಲಿಯುವ ಕೈಯಂತ್ರ ಅದಾಗಿರಲಿ. ಆಲೋಚನೆ ಮನಸ್ಸಿನಲ್ಲಿದೆ, ಕೈಯಲ್ಲಿ ಅಲ್ಪ ಉಳಿತಾಯವಿದೆ. ಆತುರದಿಂದ ಹಣ ತೊಡಗಿಸಿದರೆ ಉಳಿತಾಯ ಕರಗುವುದು. ಎಲ್ಲರಿಗೂ ತೋರಿಸಿದರೆ ಹಕ್ಕು ಕೈತಪ್ಪುವುದು. ಏನನ್ನೂ ಮಾಡದಿದ್ದರೆ ಆಲೋಚನೆ ಆಲೋಚನೆಯಾಗಿಯೇ ಉಳಿಯುವುದು. ಈ ಮೂರು ಅಪಾಯಗಳ ನಡುವೆ ಮೂಲಮಾದರಿಯನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಪಾಠ

ಇದೇ ಹಾದಿಯ ಮತ್ತೊಂದು ತುದಿಯಲ್ಲಿ ಒಂದು ದೃಷ್ಟಾಂತ ದೊರೆಯುತ್ತದೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಆರಂಭಿಸಿ, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂಬ ಅಂಜಿಕೆ ಆಗ ರೈತರಲ್ಲಿತ್ತು. ಮೊದಲ ಕೆಲವು ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ನೆಲೆಗೊಂಡದ್ದು ಆ ತಾಳ್ಮೆಯ ಫಲ. ಯಂತ್ರವು ಕಾರ್ಯಾಗಾರದಲ್ಲಿ ತಿರುಗಿದರಷ್ಟೇ ಸಾಲದು, ಬಳಸುವವನ ಕೈಯಲ್ಲಿ ಒಪ್ಪಿಗೆ ಪಡೆಯಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಹೊಸತೇ ಎಂಬ ಪರಿಶೀಲನೆ

ಮೊದಲು ಮಾಡಬೇಕಾದುದು ಹುಡುಕಾಟ. ಶೇಂಗಾ ಸುಲಿಯುವ ಯಂತ್ರಗಳು ಈಗಾಗಲೇ ಅನೇಕವಿವೆ. ಆದ್ದರಿಂದ ಹೊಸತನವು ಯಾವ ಭಾಗದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಉರುಳೆಗೂ ಜಾಲರಿಗೂ ನಡುವಣ ಅಂತರವನ್ನು ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನಾಗಿಯೇ ಹೊಂದಿಸುವ ವ್ಯವಸ್ಥೆ ಹೊಸದಾಗಿದ್ದರೆ ಶೋಧ ಇರುವುದು ಅಲ್ಲಿ ಮಾತ್ರ. ಭಾರತೀಯ ಪೇಟೆಂಟ್ ಕಚೇರಿಯ ಅಂತರ್ಜಾಲ ತಾಣದಲ್ಲಿ ಪ್ರಕಟಿತ ಅರ್ಜಿಗಳನ್ನು ಶುಲ್ಕವಿಲ್ಲದೆ ಹುಡುಕಬಹುದು. 1970ರ ಪೇಟೆಂಟ್ ಅಧಿನಿಯಮದ 3ನೆಯ ಪ್ರಕರಣದಂತೆ, ತಿಳಿದಿರುವ ಉಪಕರಣಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ, ಅವು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುವಂತಿದ್ದರೆ ಅದು ಆವಿಷ್ಕಾರವೆನಿಸುವುದಿಲ್ಲ.

ಮೂರು ಹಂತದ ಮಾದರಿಗಳು

ಒಮ್ಮೆಗೇ ಪೂರ್ಣ ಯಂತ್ರವನ್ನು ಮಾಡಿಸಲು ಹೊರಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮಾದರಿಯನ್ನು ಮೂರು ಹಂತಗಳಲ್ಲಿ ರೂಪಿಸುವುದು ಲೇಸು.

ಮೊದಲನೆಯದು ಆಕಾರದ ಮಾದರಿ. ರಟ್ಟು, ಮರ, ತಗಡಿನ ಚೂರುಗಳಿಂದ ಇದನ್ನು ಮನೆಯಲ್ಲಿಯೇ ಮಾಡಬಹುದು. ಹಿಡಿಕೆ ಎಷ್ಟು ಎತ್ತರದಲ್ಲಿರಬೇಕು, ಕಾಯಿ ಎಲ್ಲಿಂದ ಬೀಳಬೇಕು, ಸಿಪ್ಪೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ದೊರೆಯುತ್ತದೆ.

ಎರಡನೆಯದು ತತ್ತ್ವದ ಮಾದರಿ. ಇದರಲ್ಲಿ ಹೊಸ ಭಾಗವನ್ನು ಮಾತ್ರ ಲೋಹದಲ್ಲಿ ಮಾಡಿ ಪರೀಕ್ಷಿಸಲಾಗುವುದು. ಉಳಿದ ಬೇರಿಂಗ್, ಗಾಲಿ, ಚೌಕಟ್ಟುಗಳನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದರೂ ಬಾಧಕವಿಲ್ಲ. ನೋಟ ಒರಟಾಗಿದ್ದರೂ ಚಿಂತೆಯಿಲ್ಲ. ತತ್ತ್ವ ಸರಿಯೇ ತಪ್ಪೇ ಎಂಬುದು ತಿಳಿಯಬೇಕು. ತಪ್ಪೆಂದು ತಿಳಿದರೂ ಅದು ಲಾಭವೇ, ಏಕೆಂದರೆ ದೊಡ್ಡ ವೆಚ್ಚ ಉಳಿಯಿತು.

ಮೂರನೆಯದು ಕಾರ್ಯನಿರತ ಮೂಲಮಾದರಿ. ಅಳತೆ, ಲೋಹ, ಬಲ, ಸುರಕ್ಷತೆ ಎಲ್ಲವೂ ನಿಜ ಬಳಕೆಗೆ ಹೊಂದುವಂತಿರಬೇಕು. ತಿರುಗುವ ಭಾಗಗಳಿಗೆ ಕಾಪು ಇರಬೇಕು. ಸವೆಯುವ ಭಾಗವನ್ನು ಹಳ್ಳಿಯ ಕಮ್ಮಾರನೂ ಬದಲಿಸುವಂತಿದ್ದರೆ ಉತ್ತಮ.

ನಕ್ಷೆ ಮತ್ತು ಕಾರ್ಯಾಗಾರ

ಬಾಯಿಮಾತಿನ ವಿವರಣೆಯಿಂದ ಯಂತ್ರ ಹುಟ್ಟುವುದಿಲ್ಲ. ಪ್ರತಿಯೊಂದು ಬಿಡಿಭಾಗಕ್ಕೂ ಮಿಲಿಮೀಟರಿನಲ್ಲಿ ಅಳತೆ ನಮೂದಿಸಿದ ನಕ್ಷೆ ಬೇಕು. ಎಲ್ಲಿ ನಿಖರತೆ ಅಗತ್ಯವೋ ಅಲ್ಲಿ ಮಾತ್ರ ಬಿಗಿಯಾದ ಅಳತೆಯನ್ನು ಕೇಳಬೇಕು. ಬೇರಿಂಗ್ ಕೂರುವ ಜಾಗಕ್ಕೆ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕ ಬೇಕಾದೀತು. ಚೌಕಟ್ಟಿನ ಕಾಲಿಗೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಡೆದೀತು. ಎಲ್ಲ ಭಾಗಗಳಿಗೂ ಅತಿ ನಿಖರತೆಯನ್ನು ಕೇಳಿದರೆ ಲೇತಿನ ಕೂಲಿ ವೃಥಾ ಏರುತ್ತದೆ.

ಕೆಲಸ ಒಪ್ಪಿಸುವ ಮುನ್ನ ಎರಡು ಮೂರು ಕಾರ್ಯಾಗಾರಗಳಿಂದ ಲಿಖಿತ ದರಪಟ್ಟಿ ಪಡೆಯಬೇಕು. ಗೋಪ್ಯತೆಯನ್ನು ಕಾಪಾಡುವುದಾಗಿಯೂ, ನಿರ್ಮಾಣದ ವೇಳೆ ಹೊಳೆದ ಸುಧಾರಣೆಗಳ ಹಕ್ಕು ಯಾರಿಗೆ ಸೇರುವುದೆಂಬುದರ ಬಗೆಗೂ ಸರಳವಾದ ಕರಾರುಪತ್ರ ಮಾಡಿಕೊಳ್ಳುವುದು ಅಗತ್ಯ. ಹಣವನ್ನು ಕಂತುಗಳಲ್ಲಿ, ಆಯಾ ಭಾಗವನ್ನು ಪರೀಕ್ಷಿಸಿದ ಬಳಿಕ ಕೊಡುವುದು ಉಭಯತರರಿಗೂ ಕ್ಷೇಮ.

ಸ್ವತಃ ಮಾಡಬಯಸುವವರಿಗೂ ಅವಕಾಶವಿದೆ. ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿ ಪುಣೆ ಜಿಲ್ಲೆಯ ಪಾಬಳ ಗ್ರಾಮದಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೊರಗಿನ ಮೊದಲ ಫ್ಯಾಬ್ ಲ್ಯಾಬ್‌ಗಳಲ್ಲೊಂದು 2002ರಲ್ಲಿ ಆರಂಭವಾದದ್ದು ಅಲ್ಲಿಯೇ. ಗಣಕಯಂತ್ರದ ನಕ್ಷೆಯಿಂದ ನೇರವಾಗಿ ವಸ್ತುವನ್ನು ಕತ್ತರಿಸಿ ರೂಪಿಸುವ ಸಾಧನಗಳು ಇಂತಹ ಪ್ರಯೋಗಶಾಲೆಗಳಲ್ಲಿ ಇರುತ್ತವೆ. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಆವರಣದಲ್ಲಿರುವ ವೆಂಚರ್ ಸೆಂಟರ್ ಸಂಸ್ಥೆಯು ತಂತ್ರಜ್ಞಾನ ಆಧಾರಿತ ಹೊಸ ಉದ್ಯಮಗಳಿಗೆ ನೆರವಾಗುತ್ತದೆ.

ತೋರಿಸುವ ಮುನ್ನ ಅರ್ಜಿ

ಜಾತ್ರೆ, ಪ್ರದರ್ಶನ, ಪತ್ರಿಕೆಗಳಲ್ಲಿ ಮೊದಲೇ ಬಹಿರಂಗಗೊಂಡ ಶೋಧವು ಹೊಸತನವನ್ನು ಕಳೆದುಕೊಳ್ಳಬಹುದು. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿದ್ದರೂ ಅವು ಸೀಮಿತವಾದವು. ಅವನ್ನೇ ನೆಚ್ಚಿಕೊಳ್ಳುವುದು ಸಲ್ಲದು. ಪೇಟೆಂಟ್ ಅರ್ಜಿಗೆ ಮೂಲಮಾದರಿ ಸಿದ್ಧವಾಗಿರಬೇಕೆಂಬುದು ತಪ್ಪು ಕಲ್ಪನೆ. ನಿಯಂತ್ರಕರು ಬಯಸಿದಲ್ಲಿ ಮಾತ್ರ ಮಾದರಿಯನ್ನು ಒಪ್ಪಿಸಬೇಕಾಗುತ್ತದೆ.

ಶೋಧದ ವಿವರವನ್ನೊಳಗೊಂಡ ತಾತ್ಕಾಲಿಕ ವಿವರಣಾಪತ್ರವನ್ನು ಸಲ್ಲಿಸಿದರೆ ಆ ದಿನಾಂಕದ ಆದ್ಯತೆ ದೊರೆಯುತ್ತದೆ. ಅಂದಿನಿಂದ 12 ತಿಂಗಳೊಳಗೆ ಸಂಪೂರ್ಣ ವಿವರಣಾಪತ್ರವನ್ನು ಸಲ್ಲಿಸಬೇಕು; ತಪ್ಪಿದಲ್ಲಿ ಅರ್ಜಿಯನ್ನು ಕೈಬಿಟ್ಟಂತೆ ಪರಿಗಣಿಸಲಾಗುವುದು. ಈ 12 ತಿಂಗಳೇ ಮೂಲಮಾದರಿಯನ್ನು ಮಾಡಿ ಪರೀಕ್ಷಿಸಲು ತಕ್ಕ ಕಾಲ. ಆದರೆ ಮೊದಲ ಪತ್ರದಲ್ಲಿ ಹೇಳದ ಹೊಸ ಅಂಶಕ್ಕೆ ಮೊದಲ ದಿನಾಂಕದ ಲಾಭ ಸಿಗದು. ಮಹಾರಾಷ್ಟ್ರದ ನಿವಾಸಿಗಳು ಮುಂಬಯಿ ಕಚೇರಿಯಲ್ಲಿಯೂ, ಕರ್ನಾಟಕದ ನಿವಾಸಿಗಳು ಚೆನ್ನೈ ಕಚೇರಿಯಲ್ಲಿಯೂ ಅರ್ಜಿ ಸಲ್ಲಿಸಬೇಕು. ಮಂಜೂರಾದ ಪೇಟೆಂಟಿನ ಅವಧಿ, ನವೀಕರಣ ಶುಲ್ಕಗಳಿಗೆ ಒಳಪಟ್ಟು, 20 ವರ್ಷ.

ನೆರವಿನ ಮೂಲಗಳು

ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯು ಬಿಡಿ ಸಂಶೋಧಕರಿಗಾಗಿ ಪ್ರಿಸಂ ಯೋಜನೆಯನ್ನು ರೂಪಿಸಿತು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ನಿಧಿ-ಪ್ರಯಾಸ್ ಯೋಜನೆಯನ್ನು 2016ರಲ್ಲಿ ಆರಂಭಿಸಿ, ಮೂಲಮಾದರಿಗೆಂದೇ 10 ಲಕ್ಷ ರೂಪಾಯಿಗಳವರೆಗೆ ನೆರವಿಗೆ ಅವಕಾಶ ಕಲ್ಪಿಸಿತು. ರೈತರು, ಕುಶಲಕರ್ಮಿಗಳ ಶೋಧಗಳನ್ನು ಗುರುತಿಸಲು 2000ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು ಸ್ಥಾಪನೆಯಾಯಿತು. ಅರ್ಜಿ ಆಹ್ವಾನದ ಕಾಲ ಮತ್ತು ನಿಯಮಗಳನ್ನು ಆಯಾ ಇಲಾಖೆಯಿಂದಲೇ ಕೇಳಿ ತಿಳಿಯಬೇಕು.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬಿತ್ತನೆ ಕೂರಿಗೆ ಮೊದಲಾದವನ್ನು ರೂಪಿಸಿದರು. ಈ ಪ್ರತಿಷ್ಠಾನವು ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನಿತ್ತಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಪರೀಕ್ಷೆಯ ದಾಖಲೆ

ಮೂಲಮಾದರಿ ಸಿದ್ಧವಾದ ಮೇಲೆ ಪರೀಕ್ಷೆಯ ಪುಸ್ತಕವೊಂದನ್ನು ಇಡಬೇಕು. ದಿನಾಂಕ, ಹಾಕಿದ ಕಾಯಿಯ ತೂಕ, ಹಿಡಿದ ಸಮಯ, ಒಡೆದ ಕಾಳಿನ ತೂಕ, ಕೆಟ್ಟ ಭಾಗ, ಮಾಡಿದ ಬದಲಾವಣೆ ಇವೆಲ್ಲ ಅದರಲ್ಲಿರಬೇಕು. ಒಮ್ಮೆಗೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಫಲ ಯಾವುದರಿಂದ ಬಂತೆಂಬುದು ತಿಳಿಯುತ್ತದೆ. ಅರ್ಜಿ ಸಲ್ಲಿಸಿದ ನಂತರ ಯಂತ್ರವನ್ನು ಬಳಸುವವರ ಕೈಗೇ ಕೊಟ್ಟು ನೋಡಬೇಕು. ಶೇಂಗಾ ಸುಲಿಯುವ ಕೆಲಸವನ್ನು ಹೆಚ್ಚಾಗಿ ಮಹಿಳೆಯರೇ ಮಾಡುವ ಮನೆಗಳಲ್ಲಿ ಹಿಡಿಕೆಯ ಭಾರವನ್ನು ಕುರಿತು ಅವರು ಹೇಳುವ ಮಾತು ಇಂಜಿನಿಯರನ ಲೆಕ್ಕಕ್ಕಿಂತ ಕಡಿಮೆಯದಲ್ಲ.

ಮೂಲಮಾದರಿಯು ಶೋಧದ ಕೊನೆಯಲ್ಲ, ಅದರ ಮೊದಲ ಪರೀಕ್ಷೆ. ಸಣ್ಣ ವೆಚ್ಚದಲ್ಲಿ ಬೇಗನೆ ತಪ್ಪನ್ನು ಕಂಡುಕೊಂಡು ತಿದ್ದಿಕೊಳ್ಳುವವನಿಗೆ ಉಳಿತಾಯವೂ ಉಳಿಯುತ್ತದೆ, ಹಕ್ಕೂ ಉಳಿಯುತ್ತದೆ. ಧನಕವಡಿಯ ಬಾಡಿಗೆ ಮನೆಯಲ್ಲಿ ರಟ್ಟು ಕತ್ತರಿಸಿ ಆರಂಭವಾದ ಕೆಲಸವು ಒಂದು ದಿನ ಊರಿನ ಕಣವನ್ನು ತಲಪಬೇಕಾದರೆ ಈ ಎಚ್ಚರ ಅಗತ್ಯ.