ಪರದೆಯ ಮೇಲಿನ ಕಿರ್ದಿ

ಅಂಗಡಿಯ ಬಾಗಿಲು ಹಾಕುವ ಮುನ್ನ ಅಂದಿನ ಜಮಾ-ಖರ್ಚನ್ನು ಕಿರ್ದಿಗೆ ಬರೆದು, ಅಲ್ಲಿಂದ ಆಯಾ ಗಿರಾಕಿಯ ಖಾತೆಗೆ ಏರಿಸುವುದು ವರ್ತಕರ ಹಳೆಯ ಪದ್ಧತಿ. ನಾರಾಯಣಪುರದ ಕಿರಾಣಿ ಅಂಗಡಿಯಾಗಲಿ, ಬಸವಕಲ್ಯಾಣ-ಹುಮನಾಬಾದಗಳ ಅಡತಿಯಾಗಲಿ, ಈ ಪದ್ಧತಿ ಬಲ್ಲವರಿಗೆ ಗಣಕಯಂತ್ರ ಅಷ್ಟೇನೂ ಅಪರಿಚಿತವಲ್ಲ. ಅದರ ಪರದೆಯ ಮೇಲಿರುವುದು ಬಹುಪಾಲು ಹಳೆಯ ಕಚೇರಿಯ ಸಾಮಾನುಗಳ ಚಿತ್ರಗಳೇ.

ಈ ಚಿತ್ರಭಾಷೆಯನ್ನು 1981ರಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಜೆರಾಕ್ಸ್ ಸಂಸ್ಥೆಯ ‘ಸ್ಟಾರ್’ ಯಂತ್ರ. ಪರದೆಯೇ ಮೇಜು, ಅದರ ಮೇಲೆ ಕಾಗದ, ಫೋಲ್ಡರು, ಟಪಾಲಿನ ಬುಟ್ಟಿ. ಆಜ್ಞೆಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪಿತು. 1984ರ ಮ್ಯಾಕಿಂತೋಷ್ ಮತ್ತು 1995ರ ವಿಂಡೋಸ್ ಇದನ್ನು ಮನೆಮನೆಗೆ ಮುಟ್ಟಿಸಿದವು.

ನಮ್ಮ ವರ್ತಕರಿಗೆ ಹೆಚ್ಚು ಒದಗಿಬಂದದ್ದು ಬೆಂಗಳೂರಿನ ಟ್ಯಾಲಿ. ತಮ್ಮ ವ್ಯಾಪಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ದೊರೆಯದೆ ಶ್ಯಾಮಸುಂದರ ಗೋಯೆಂಕಾ ಅವರು ಪುತ್ರ ಭರತ್ ಗೋಯೆಂಕಾ ಅವರೊಡನೆ 1986ರಲ್ಲಿ ಆರಂಭಿಸಿದ ಸಂಸ್ಥೆಯ ಫಲವಿದು. ಇಲ್ಲಿ ಚಿತ್ರಗಳಿಗಿಂತ ಹೆಸರುಗಳೇ ಕೆಲಸ ಮಾಡಿದವು: ವೋಚರು, ಲೆಡ್ಜರು, ಡೇ ಬುಕ್. ಗಿರಾಕಿಗೆ ಸಂಕೇತ ಸಂಖ್ಯೆ ಕೊಡಬೇಕಿಲ್ಲ. ಹೆಸರಿನಿಂದಲೇ ಖಾತೆ ತೆರೆಯಬಹುದು. ವೋಚರು ತುಂಬಿದೊಡನೆ ಮೊತ್ತ ತಾನಾಗಿ ಖಾತೆಗೆ ಏರುತ್ತದೆ. (ಟ್ಯಾಲಿ ಎಂಬ ಇಂಗ್ಲಿಷ್ ಹೆಸರು ನಮ್ಮ ‘ತಾಳೆ’ಗೆ ಇಷ್ಟು ಹತ್ತಿರವಿರುವುದು ಕಾಕತಾಳೀಯವೇ ಇರಬೇಕು.)

ಆದರೆ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆಂಬುದನ್ನು ಅರಿಯದಿದ್ದರೆ ನಷ್ಟ ಖಂಡಿತ. ಪರದೆಯ ಕಸದ ಬುಟ್ಟಿಯಿಂದ ಕಡತವನ್ನು ಮರಳಿ ಎತ್ತಿಕೊಳ್ಳಬಹುದು. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಆ ಬುಟ್ಟಿಗೇ ಬರುವುದಿಲ್ಲ. ಒಂದೇ ದರಪಟ್ಟಿಯ ಎರಡು ಪ್ರತಿಗಳು ಎರಡು ಫೋಲ್ಡರುಗಳಲ್ಲಿದ್ದರೆ, ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯ ದರವನ್ನೇ ಹೇಳುತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಿದ್ದುಪಡಿ. ಕಾಗದದ ಕಿರ್ದಿಯಲ್ಲಿ ಅಂಕಿ ಹೊಡೆದುಹಾಕಿದರೆ ಗೀಟು ಉಳಿಯುತ್ತದೆ, ಶಾಯಿಯ ಬಣ್ಣವೇ ಸಾಕ್ಷಿ ನುಡಿಯುತ್ತದೆ. ಪರದೆಯಲ್ಲಿ 12,000 ರೂಪಾಯಿಯ ಉದ್ರಿ 2,000 ಆದರೆ ಗುರುತೇ ಉಳಿಯದಿರಬಹುದು. ಸುಗ್ಗಿಯ ನಂತರ ವಸೂಲಿಗೆ ಹೊರಟವನ ಕೈಯಲ್ಲಿ ಆಗ ಯಾವ ಪುರಾವೆಯಿದೆ? ಈ ಕೊರತೆ ನೀಗಿಸಲೆಂದೇ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಒಂಟಿ ಮಾಲೀಕತ್ವದ ಅಂಗಡಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ಟ್ಯಾಲಿಯಲ್ಲಿ ‘ಎಡಿಟ್ ಲಾಗ್’ ಎಂಬ ಹೆಸರಿನಲ್ಲಿ ಈ ಸೌಲಭ್ಯವಿದೆ. ಅದು ತಮ್ಮ ಅಂಗಡಿಯ ಗಣಕದಲ್ಲಿ ಚಾಲನೆಯಲ್ಲಿದೆಯೇ ಎಂದು ವರ್ತಕರು ತಮ್ಮ ಲೆಕ್ಕ ಪರಿಶೋಧಕರನ್ನು ಕೇಳಿ ತಿಳಿಯಬಹುದು.