ಕೆಟ್ಟಿದ್ದು ಸ್ಪೀಕರ್ರೋ, ಕಿವಿಯೋ?

ಟಿವಿ ಸೌಂಡ್ ದಿನೇ ದಿನೇ ಏರಿಸ್ತಿದ್ದೀರಾ? ನಮ್ಮನೇಲೂ ಅತ್ತೆ ‘ಸ್ಪೀಕರ್ ಕೆಟ್ಟಿದೆ ಕಣೇ, ಮಾತೇ ತಿಳಿಯಲ್ಲ’ ಎನ್ನುತ್ತಿದ್ದರು. ಮೊದಲು ಸ್ಪೀಕರ್ ನೋಡಿ. ಸ್ವಿಚ್ ಆಫ್ ಮಾಡಿ, ಬಿಚ್ಚಲು ಬರುವಂಥದ್ದಾದರೆ ಮುಂದಿನ ಜಾಲರಿ ತೆಗೆಯಿರಿ. ಕೋನ್ ಹರಿದಿದೆಯೇ, ಅಂಚಿನ ಫೋಮ್ ಪುಡಿಯಾಗಿದೆಯೇ, ವೈರ್ ಸಡಿಲವೇ ಗಮನಿಸಿ. ಗೊತ್ತಿರುವ ಹಾಡನ್ನು ಸಣ್ಣಗೆ ಹಾಕಿ. ಆಗಲೂ ಗರಗರ ಎಂದರೆ ರಿಪೇರಿಗೆ ಕೊಡಿ.

ನಮ್ಮದು ಸರಿಯಿತ್ತು. ಮಂದವಾಗಿದ್ದು ಅತ್ತೆಯ ಕಿವಿ ಎಂದು ಡಾಕ್ಟರ ಬಳಿ ಹೋದಾಗಲೇ ತಿಳಿದದ್ದು!

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬಲ್ ಮಿತಿ. 3 ಡೆಸಿಬಲ್ ಏರಿಸಿದರೆ ಅವಧಿ ಅರ್ಧಕ್ಕಿಳಿಸಿ. ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿ ಮಾತಾಡಬೇಕಾದರೆ ಸೌಂಡ್ ಜಾಸ್ತಿ ಅಂತಲೇ ಅರ್ಥ. ಸ್ಪೀಕರ್ ಹೊಸದು ಸಿಗುತ್ತೆ, ಕಿವಿ ಸಿಗುತ್ತಾ?